ಕಾಗೆಯ ಚಿತ್ರ ಬರೆಯಿರಿ, ನೋಡೋಣ

(ಹಕ್ಕಿ ನೋಡುವ ಹವ್ಯಾಸಕ್ಕೆ ಹೊಸದಾಗಿ ಬಂದವರ ಮುಂದೆ ಆಡಿದ ಮಾತುಗಳು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಸ್ವಲ್ಪ ಸೇರಿಸಿದ್ದೇನೆ, ಸ್ವಲ್ಪ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಳಗೆ ಬರುವಾಗ ನಿಮ್ಮೆಲ್ಲರ ಕೈಗೂ ಒಂದು ಬಿಳಿ ಹಾಳೆ, ಒಂದು ಪೆನ್ಸಿಲ್ ಕೊಟ್ಟಿದ್ದಾರೆ ಅಲ್ವಾ? ಮಾತು ಶುರು ಮಾಡುವ ಮೊದಲು ಒಂದು ಸಣ್ಣ ಕೆಲಸ ಇದೆ. ಎರಡು ನಿಮಿಷ ಸಾಕು. ಆ ಹಾಳೆಯ ಮೇಲೆ ಒಂದು ಕಾಗೆಯ ಚಿತ್ರ ಬರೆಯಿರಿ. ಪಕ್ಕದವರ ಹಾಳೆ ನೋಡಬೇಡಿ. ಚಿತ್ರ ಬರೆಯೋಕೆ ಬರಲ್ಲ ಅಂತ ಹಿಂಜರಿಯಬೇಡಿ, ಯಾರೂ ಅಂಕ ಹಾಕುವುದಿಲ್ಲ.

ಆಯ್ತಾ?

ನೀವು ಬರೆಯುವಾಗ ನಾನು ಸಾಲುಗಳ ನಡುವೆ ಓಡಾಡಿದೆ. ಹೆಚ್ಚಿನವರ ಪೆನ್ಸಿಲ್ ಅದದೇ ಜಾಗಗಳಲ್ಲಿ ನಿಂತುಕೊಂಡಿತು. ಕೊಕ್ಕು ತಲೆಗೆ ಕೂಡುವ ಜಾಗ. ಕಾಲು ಮಡಚುವ ಜಾಗ. ಮಡಿಸಿದ ರೆಕ್ಕೆಯ ತುದಿ ಬಾಲದ ಎಲ್ಲಿಯವರೆಗೆ ಬರುತ್ತದೆ ಅನ್ನುವ ಜಾಗ. ಒಬ್ಬರು ಕಣ್ಣನ್ನು ಎರಡು ಸಲ ಅಳಿಸಿ ಮೂರನೇ ಸಲ ಬರೆದರು. ಹುಟ್ಟಿದಾಗಿನಿಂದ ದಿನಾ ನೋಡುತ್ತಿರುವ ಹಕ್ಕಿ ಇದು. ಕತ್ತಲಲ್ಲಿ ಅದರ ಕೂಗು ಕೇಳಿದರೂ ಗುರುತು ಹಿಡಿಯುತ್ತೀರಿ. ಆದರೂ ಅದರ ಮೂಗಿನ ಹೊಳ್ಳೆ ಎಲ್ಲಿದೆ ಅಂತ ಕೇಳಿದರೆ ಉತ್ತರ ಹೊಳೆಯುವುದಿಲ್ಲ. ನಾನು ಮೊದಲ ಸಲ ಬರೆಯಲು ಕೂತಾಗ ನನಗೂ ಹೊಳೆಯಲಿಲ್ಲ. ಕಾಗೆಯ ಕೊಕ್ಕಿನ ಬುಡದಲ್ಲಿ ಕೂದಲಿನಂಥ ಸಣ್ಣ ಗರಿಗಳು ಮುಂದಕ್ಕೆ ಬಾಗಿಕೊಂಡಿರುತ್ತವೆ. ಹೊಳ್ಳೆಗಳು ಅದರ ಅಡಿಯಲ್ಲಿ ಮುಚ್ಚಿಹೋಗಿರುತ್ತವೆ. ಅದಕ್ಕೇ ಅವು ನಮಗೆ ಕಾಣುವುದಿಲ್ಲ.

ಇನ್ನು ಕಾಲು. ಅರ್ಧಕ್ಕಿಂತ ಜಾಸ್ತಿ ಜನ ಕಾಲಿನ ಮಧ್ಯೆ ಹಿಂದಕ್ಕೆ ಮಡಚಿದ ಮೊಣಕಾಲು ಬರೆದಿದ್ದೀರಿ. ಬರೆದದ್ದು ಸರಿಯಾಗೇ ಇದೆ, ಹಕ್ಕಿಯ ಕಾಲು ಕಾಣುವುದೇ ಹಾಗೆ. ಆದರೆ ಅದು ಮೊಣಕಾಲಲ್ಲ, ಹಿಮ್ಮಡಿಯ ಗಂಟು. ನಿಜವಾದ ಮೊಣಕಾಲು ಮೇಲೆ, ಹೊಟ್ಟೆಯ ಗರಿಗಳ ಒಳಗೆ ಮರೆಯಾಗಿದೆ. ಅದು ನಮ್ಮ ಮೊಣಕಾಲಿನ ಹಾಗೆಯೇ ಮಡಚುತ್ತದೆ. ಅಂದರೆ ಹಕ್ಕಿ ತನ್ನ ಜೀವನಪೂರ್ತಿ ತುದಿಗಾಲಲ್ಲಿ ನಡೆಯುವ ಪ್ರಾಣಿ. ಇಷ್ಟು ಗೊತ್ತಾದ ಮೇಲೆ ಕಾಗೆ ನಡೆಯುವುದನ್ನು ನೋಡಿ. ಅದರ ನಡಿಗೆಯೇ ಬೇರೆ ಥರ ಕಾಣುತ್ತದೆ.

ನಾನು ಹೇಳಬೇಕಾದ ವಿಷಯ ನಿಮ್ಮ ಕೈಯಲ್ಲಿರುವ ಆ ಹಾಳೆಯಲ್ಲೇ ಇದೆ. ಕಾಗೆ ಅಂತ ಗುರುತು ಸಿಕ್ಕ ತಕ್ಷಣ ನಮ್ಮ ಕಣ್ಣು ಕೆಲಸ ಮುಗಿಯಿತು ಅಂತ ಸುಮ್ಮನಾಗಿಬಿಡುತ್ತದೆ. ಹೆಸರು ಗೊತ್ತಾಯಿತು, ಇನ್ನೇನು? ಆದರೆ ನನ್ನ ಮಟ್ಟಿಗೆ ಹಕ್ಕಿ ನೋಡುವುದು ಶುರುವಾಗುವುದೇ ಹೆಸರು ಹೇಳಿದ ಮೇಲೆ. ಹೆಸರು ಗೊತ್ತಾದ ಮೇಲೂ ಕಣ್ಣು ತೆಗೆಯದೆ ಇದ್ದರೆ ಪೆನ್ಸಿಲ್ ಬೇಕು ಅನ್ನಿಸುತ್ತದೆ. ಪೆನ್ಸಿಲ್ ಹಿಡಿದರೆ ಪ್ರಶ್ನೆ ಹುಟ್ಟುತ್ತದೆ. ಪ್ರಶ್ನೆ ಹುಟ್ಟಿದರೆ ನಾಳೆ ಬೆಳಿಗ್ಗೆ ಮತ್ತೆ ಅದೇ ಜಾಗಕ್ಕೆ ಹೋಗಬೇಕಾಗುತ್ತದೆ. ಹಾಗೆ ಹೋಗಿ ಹೋಗಿ ಆ ಹಕ್ಕಿಯ ಮೇಲೆ ಮಮತೆ ಬಂದುಬಿಡುತ್ತದೆ. ಕಲೆ, ವಿಜ್ಞಾನ, ಪ್ರಕೃತಿಪ್ರೀತಿ ಅಂತ ನಾವು ಮೂರು ಹೆಸರು ಕೊಡುತ್ತೇವೆ. ಕೆರೆಯ ದಂಡೆಯಲ್ಲಿ ಕೂತವರಿಗೆ ಅವು ಬೇರೆ ಬೇರೆಯಾಗಿ ಬರುವುದಿಲ್ಲ.

ನನಗೆ ಇದು ಮನವರಿಕೆ ಆದದ್ದು ಒಂದು ಕೊಳದ ಬಕದಿಂದ. ಅದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಕೊಳದ ಬಕವನ್ನು ಯಾರೂ ಹುಡುಕಿಕೊಂಡು ಹೋಗುವುದಿಲ್ಲ. ನೀರಿನ ಅಂಚಿನಲ್ಲಿ ಮಣ್ಣಿನ ಬಣ್ಣದ ಮುದ್ದೆಯ ಹಾಗೆ ಕೂತಿರುತ್ತದೆ. ನಾನೂ ಅವತ್ತು ಬೇರೆ ಹಕ್ಕಿಗೆ ಅಂತ ಹೋದವನು, ಅದು ಬರಲಿಲ್ಲ. ಕೈಯಲ್ಲಿ ಪುಸ್ತಕ ಇತ್ತು, ಎದುರಿಗೆ ಬಕ ಇತ್ತು. ಸರಿ, ಇದನ್ನೇ ಬರೆಯೋಣ ಅಂತ ಕೂತೆ. ಕತ್ತು ಪೂರ್ತಿ ಒಳಗೆ ಎಳೆದುಕೊಂಡಿತ್ತು. ಕತ್ತು ಇದೆ ಅನ್ನುವುದೇ ಗೊತ್ತಾಗುತ್ತಿರಲಿಲ್ಲ. ಎದೆಯ ಮೇಲೆ ಕಂದು ಗೀರುಗಳು ಮೇಲಿಂದ ಕೆಳಕ್ಕೆ ಇಳಿದಿದ್ದವು, ಒಣಗಿದ ಜೊಂಡಿನ ನೆರಳು ಬಿದ್ದ ಹಾಗೆ. ಕಣ್ಣು ಹಳದಿ. ಹತ್ತು ನಿಮಿಷ ಅದು ಅಲ್ಲಾಡಲಿಲ್ಲ. ಆಮೇಲೆ ಒಂದು ಕಾಲು ಎತ್ತಿತು. ಎಷ್ಟು ನಿಧಾನವಾಗಿ ಅಂದರೆ, ಬೆರಳುಗಳಿಂದ ನೀರು ಒಂದೊಂದೇ ಹನಿಯಾಗಿ ತೊಟ್ಟಿಕ್ಕುವುದು ಬೈನಾಕ್ಯುಲರ್‌ನಲ್ಲಿ ಕಾಣುತ್ತಿತ್ತು. ಕಾಲು ಮುಂದೆ ಇಟ್ಟಾಗ ನೀರಿನ ಮೇಲೆ ಒಂದು ಅಲೆಯೂ ಏಳಲಿಲ್ಲ. ಮತ್ತೆ ಕಲ್ಲಿನ ಹಾಗೆ ನಿಂತಿತು. ನಾನು ಬೆನ್ನಿಗೆಲ್ಲ ಕಂದು ಬಣ್ಣ ತುಂಬಿದೆ.

ಅಷ್ಟರಲ್ಲಿ ಏನೋ ಸದ್ದಾಗಿ ಅದು ಹಾರಿತು. ಹಾರಿದ್ದು ಬಿಳಿ ಹಕ್ಕಿ!

ರೆಕ್ಕೆ ಬಿಳಿ, ಬಾಲ ಬಿಳಿ. ಕಂದು ಮುದ್ದೆ ಎಲ್ಲಿ ಹೋಯಿತು? ಎರಡನ್ನೂ ನಾನು ಮೊದಲೇ ನೂರು ಸಲ ನೋಡಿದ್ದೆ. ಕೂತ ಕಂದು ಹಕ್ಕಿಯನ್ನೂ ನೋಡಿದ್ದೆ, ಹಾರುವ ಬಿಳಿ ಹಕ್ಕಿಯನ್ನೂ ನೋಡಿದ್ದೆ. ಅಷ್ಟೊಂದು ಬಿಳಿ ಕೂತಾಗ ಎಲ್ಲಿ ಅಡಗಿರುತ್ತದೆ ಅಂತ ಕೇಳಿಕೊಂಡಿರಲಿಲ್ಲ. ನನ್ನ ಪುಸ್ತಕದಲ್ಲಿದ್ದ ಚಿತ್ರ ಸುಳ್ಳು ಹೇಳುತ್ತಿತ್ತು. ಕೂತ ಹಕ್ಕಿಯ ರೆಕ್ಕೆಗೂ ನಾನು ಕಂದು ಹಚ್ಚಿದ್ದೆ. ಮಾರನೇ ದಿನ ಮತ್ತೆ ಹೋದೆ. ಅದರ ಮುಂದಿನ ದಿನವೂ ಹೋದೆ. ಮೂರನೇ ದಿನ ಅದು ಬಿಸಿಲಿಗೆ ಮೈಯೊಡ್ಡಿ ಗರಿ ಕೆದರಿಕೊಂಡು ಕೊಕ್ಕಿನಿಂದ ಬಾಚಿಕೊಳ್ಳುತ್ತಿತ್ತು. ಆಗ ಕಂಡಿತು. ಬೆನ್ನು ಮತ್ತು ಭುಜದ ಕಂದು ಗರಿಗಳು ಉದ್ದವಾಗಿವೆ. ಅವು ಮಡಿಸಿದ ಬಿಳಿ ರೆಕ್ಕೆಯ ಮೇಲೆ ಶಾಲು ಹೊದಿಸಿದ ಹಾಗೆ ಬಂದು ಕೂರುತ್ತವೆ. ಶಾಲಿನ ಅಂಚಿನಲ್ಲಿ ಬಿಳಿಯ ಒಂದು ಎಳೆ ಇಣುಕುತ್ತಿರುತ್ತದೆ, ಅಷ್ಟೇ. ಇದನ್ನು ಯಾವ ಪುಸ್ತಕದಲ್ಲಾದರೂ ಓದಬಹುದಿತ್ತು. ಆದರೆ ಮೂರು ಬೆಳಿಗ್ಗೆ ಕೊಟ್ಟು ಪಡೆದದ್ದು ಮರೆಯುವುದಿಲ್ಲ. ಈಗ ಕೊಳದ ಬಕ ಕಂಡರೆ ನಾನು ಮೊದಲು ನೋಡುವುದು ಆ ಬಿಳಿ ಎಳೆಯನ್ನು.

ಚಿತ್ರ ಬರೆಯುವವರು ಹಕ್ಕಿಗಳ ವಿಜ್ಞಾನಕ್ಕೆ ಕೊಟ್ಟದ್ದು ಎಷ್ಟು ಅಂತ ಇವತ್ತು ಎಲ್ಲರಿಗೂ ನೆನಪಿಲ್ಲ. ಚಾರ್ಲ್ಸ್ ಡಾರ್ವಿನ್ 1835ರಲ್ಲಿ ಗಲಾಪಗೋಸ್ ದ್ವೀಪಗಳಿಂದ ಸಣ್ಣ ಸಣ್ಣ ಹಕ್ಕಿಗಳನ್ನು ತಂದರು. ಕೊಕ್ಕುಗಳು ಬೇರೆ ಬೇರೆ ಇದ್ದದ್ದರಿಂದ ಅವು ಬೇರೆ ಬೇರೆ ಗುಂಪಿನ ಹಕ್ಕಿಗಳು ಅಂದುಕೊಂಡಿದ್ದರು. ಅವೆಲ್ಲ ಒಂದೇ ಬಳಗದ ಫಿಂಚ್‌ಗಳು ಅಂತ 1837ರಲ್ಲಿ ಹೇಳಿದವರು ಜಾನ್ ಗೌಲ್ಡ್. ಹಕ್ಕಿಗಳ ಚಿತ್ರಸಂಪುಟ ಮಾಡುವುದೇ ಅವರ ಕಸುಬು. ಆ ಕೊಕ್ಕುಗಳ ವ್ಯತ್ಯಾಸ ಎದ್ದು ಕಾಣುವ ಹಾಗೆ ಚಿತ್ರಗಳನ್ನು ಮಾಡಿದವರು ಅವರ ಹೆಂಡತಿ ಎಲಿಜಬೆತ್ ಗೌಲ್ಡ್. ಎಲಿಜಬೆತ್ ಅವರ ಹೆಸರು ಬಹಳ ಕಾಲ ಗಂಡನ ಹೆಸರಿನ ಹಿಂದೆಯೇ ಉಳಿದುಬಿಟ್ಟಿತು. ಅದಕ್ಕೇ ಹೋದಲ್ಲೆಲ್ಲ ನಾನು ಅವರ ಹೆಸರು ಹೇಳುತ್ತೇನೆ.

ಅದೇ ಕಾಲದ ಜಾನ್ ಜೇಮ್ಸ್ ಆಡಬನ್ ಅಮೆರಿಕದ ಹಕ್ಕಿಗಳನ್ನು ಅವುಗಳ ನಿಜ ಗಾತ್ರದಲ್ಲೇ ಬರೆದರು. 1827ರಿಂದ 1838ರವರೆಗೆ 435 ಚಿತ್ರಫಲಕಗಳು ಅಚ್ಚಾದವು. ಕಾಗದ ಹೆಚ್ಚುಕಡಿಮೆ ಒಂದು ಮೀಟರ್ ಎತ್ತರ. ಅಷ್ಟು ದೊಡ್ಡ ಕಾಗದದಲ್ಲೂ ರಾಜಹಂಸ, ಅಂದರೆ ಫ್ಲೆಮಿಂಗೋ, ಹಿಡಿಯಲಿಲ್ಲ, ಕತ್ತು ಬಗ್ಗಿಸಿ ನೀರಿಗೆ ತಲೆ ತಾಗಿಸುತ್ತಿರುವ ಹಾಗೆ ಬರೆಯಬೇಕಾಯಿತು. ಚಿತ್ರಗಳು ಅದ್ಭುತ. ಆದರೆ ಒಂದು ಮಾತು ಹೇಳಲೇಬೇಕು. ಆ ಹಕ್ಕಿಗಳನ್ನು ಗುಂಡು ಹೊಡೆದು ಬೀಳಿಸಿ, ತಂತಿ ಚುಚ್ಚಿ ಜೀವಂತ ಇದ್ದ ಹಾಗೆ ನಿಲ್ಲಿಸಿ ಬರೆದದ್ದು. ಆಗ ಹಕ್ಕಿಯನ್ನು ಹತ್ತಿರದಿಂದ ನೋಡಲು ಬೇರೆ ದಾರಿ ಇರಲಿಲ್ಲ. ಒಳ್ಳೆಯ ಬೈನಾಕ್ಯುಲರ್ ಬಂದದ್ದು ಆಮೇಲೆ. ಬಂದೂಕಿನ ಜಾಗಕ್ಕೆ ಮಸೂರ ಬಂದದ್ದು ಈ ಹವ್ಯಾಸದ ಇತಿಹಾಸದಲ್ಲೇ ದೊಡ್ಡ ಬದಲಾವಣೆ ಅಂತ ನನ್ನ ನಂಬಿಕೆ. ಸತ್ತ ಹಕ್ಕಿಯ ಗರಿ ಎಣಿಸಬಹುದು. ಅದು ಮರಿಗೆ ಗುಟುಕು ಕೊಡುವುದನ್ನು ನೋಡಲಾಗುವುದಿಲ್ಲ.

ಆ ಬದಲಾವಣೆಯನ್ನು ಸಾಮಾನ್ಯ ಜನರ ಕೈಗೆ ತಲುಪಿಸಿದವರೂ ಒಬ್ಬ ಚಿತ್ರಕಾರರೇ. ರೋಜರ್ ಟೋರಿ ಪೀಟರ್ಸನ್. ಚಿತ್ರಕಲೆ ಕಲಿತ ಹುಡುಗ. 1934ರಲ್ಲಿ ಹಕ್ಕಿ ಗುರುತಿಸುವ ಒಂದು ಸಣ್ಣ ಕೈಪಿಡಿ ತಂದರು. ಮೊದಲು ಅಚ್ಚು ಮಾಡಿದ್ದು 2000 ಪ್ರತಿ, ನೋಡನೋಡುತ್ತಾ ಖಾಲಿಯಾದವು. ಅದರಲ್ಲಿ ಅವರು ಮಾಡಿದ ಉಪಾಯ ಬಹಳ ಸರಳ. ಒಂದನ್ನೊಂದು ಹೋಲುವ ಹಕ್ಕಿಗಳನ್ನು ಒಂದೇ ಪುಟದಲ್ಲಿ, ಒಂದೇ ಭಂಗಿಯಲ್ಲಿ ಸಾಲಾಗಿ ಬರೆದರು. ಯಾವ ಗುರುತಿನಿಂದ ಇದು ಪಕ್ಕದ್ದಕ್ಕಿಂತ ಬೇರೆಯೋ ಅಲ್ಲಿಗೆ ಒಂದು ಗೆರೆ ಎಳೆದು ತೋರಿಸಿದರು. ರೆಕ್ಕೆಯ ಮೇಲಿನ ಪಟ್ಟೆಗೆ ಒಂದು ಗೆರೆ, ಹುಬ್ಬಿನ ಬಿಳಿಗೆ ಒಂದು ಗೆರೆ. ಉಳಿದ ವಿವರ ಬಿಟ್ಟರು.

ಏನು ಬಿಟ್ಟರು ಅನ್ನುವುದನ್ನು ಗಮನಿಸಿ. ಒಂದು ಹಕ್ಕಿಯಲ್ಲಿ ಸಾವಿರ ವಿವರ ಇರುತ್ತವೆ. ದೂರದ ಕೊಂಬೆಯ ಮೇಲೆ ಮೂರು ಸೆಕೆಂಡು ಕಾಣುವ ಹಕ್ಕಿಯಲ್ಲಿ ಯಾವ ಎರಡು ವಿವರ ಮುಖ್ಯ? ಇದನ್ನು ಆರಿಸಲು ವಿಜ್ಞಾನಿಯ ತಿಳಿವಳಿಕೆ ಬೇಕು. ಆರಿಸಿದ್ದನ್ನು ಒಂದೇ ನೋಟಕ್ಕೆ ಸಿಗುವ ಹಾಗೆ ಕಾಗದದ ಮೇಲೆ ಇಡಲು ಚಿತ್ರಕಾರನ ಕೈ ಬೇಕು. ಇವತ್ತಿಗೂ ಹಕ್ಕಿ ನೋಡುವವರ ಚೀಲದಲ್ಲಿರುವ ಫೀಲ್ಡ್ ಗೈಡ್‌ಗಳು ಇದೇ ದಾರಿಯಲ್ಲಿ ನಡೆಯುತ್ತಿವೆ. ಫೋಟೋಗಳು ಇಷ್ಟು ಸುಲಭವಾಗಿರುವಾಗಲೂ ಎಷ್ಟೋ ಗೈಡ್‌ಗಳಲ್ಲಿ ಬರೆದ ಚಿತ್ರಗಳೇ ಇವೆ. ಫೋಟೋದಲ್ಲಿರುವುದು ಒಂದು ಹಕ್ಕಿಯ ಒಂದು ಕ್ಷಣ, ಅವತ್ತಿನ ಬಿಸಿಲು, ಅವತ್ತಿನ ನೆರಳು. ಚಿತ್ರದಲ್ಲಿ ಬರುವುದು ಆ ಜಾತಿಯನ್ನು ನೂರಾರು ಸಲ ನೋಡಿದವರ ಅನುಭವ.

ಹಾಗಂತ ಗುರುತೆಲ್ಲ ಪಟ್ಟೆ, ಚುಕ್ಕೆಗಳಲ್ಲೇ ಇರುವುದಿಲ್ಲ. ನಿಮ್ಮ ಸ್ನೇಹಿತರು ದೂರದಲ್ಲಿ ಬೆನ್ನು ತಿರುಗಿಸಿ ನಡೆಯುತ್ತಿದ್ದರೂ ಯಾರು ಅಂತ ಗೊತ್ತಾಗುತ್ತದೆ ಅಲ್ವಾ? ಮುಖ ಕಂಡಿಲ್ಲ, ನಡಿಗೆ ಸಾಕು. ಹಕ್ಕಿಯಲ್ಲೂ ಹಾಗೇ. ಬಾಲ ಕುಣಿಸುವ ರೀತಿ, ಕೊಂಬೆಯ ತುದಿಯಲ್ಲೇ ಕೂರುವ ಹಟ, ಹಾರುವಾಗ ಏರಿಳಿಯುವ ಲಯ. ಹಕ್ಕಿ ನೋಡುವವರು ಇದನ್ನು ಜಿಜ್ ಅನ್ನುತ್ತಾರೆ. ಗುಬ್ಬಚ್ಚಿ ನೆಲದ ಮೇಲೆ ಕುಪ್ಪಳಿಸುತ್ತದೆ, ಮೈನಾ ಹೆಜ್ಜೆ ಹಾಕುತ್ತದೆ. ಇಷ್ಟು ಗೊತ್ತಿದ್ದರೆ ಬಣ್ಣ ಕಾಣದ ಮುಸ್ಸಂಜೆಯಲ್ಲೂ ಎರಡನ್ನೂ ಬೇರೆ ಮಾಡಬಹುದು.

ಇನ್ನು ಕಿವಿಯ ವಿಷಯ. ಇಲ್ಲಿ ಕನ್ನಡ ನಮಗೆ ಬಹಳ ಸಹಾಯ ಮಾಡುತ್ತದೆ. ಕಾಗೆ, ಕೋಗಿಲೆ, ಟಿಟ್ಟಿಭ ಅಂತ ಒಮ್ಮೆ ಜೋರಾಗಿ ಹೇಳಿ ನೋಡಿ. ಆ ಹೆಸರುಗಳಲ್ಲಿ ಹಕ್ಕಿಯೇ ಕೂಗುತ್ತದೆ. ಮರಕುಟಿಗ ಅಂದರೆ ಅದರ ಕೆಲಸ ಹೇಳಿದ ಹಾಗಾಯಿತು. ಮಿಂಚುಳ್ಳಿ ಅಂದಾಗ ನೀರಿನ ಮೇಲೆ ನೀಲಿಯೊಂದು ಫಕ್ಕನೆ ಹಾದುಹೋಗುವುದು ಕಣ್ಣಿಗೆ ಕಟ್ಟುತ್ತದೆ. ಈ ಹೆಸರುಗಳನ್ನು ಇಟ್ಟವರ ಹತ್ತಿರ ಬೈನಾಕ್ಯುಲರ್ ಇರಲಿಲ್ಲ, ಆದರೆ ಅವರು ನೋಡುವುದನ್ನೂ ಕೇಳುವುದನ್ನೂ ಬಲ್ಲವರು.

18ನೇ ಶತಮಾನದಲ್ಲಿ ಇಂಗ್ಲೆಂಡಿನ ಸೆಲ್ಬೋರ್ನ್ ಅನ್ನುವ ಹಳ್ಳಿಯಲ್ಲಿ ಗಿಲ್ಬರ್ಟ್ ವೈಟ್ ಅನ್ನುವ ಪಾದ್ರಿ ಇದ್ದರು. ಅಲ್ಲಿ ಎಲೆಗಳ ನಡುವೆ ಓಡಾಡುವ ಹಸಿರು ಹಳದಿ ಬಣ್ಣದ ಒಂದು ಪುಟ್ಟ ಹಕ್ಕಿ ಇತ್ತು. ಎಲ್ಲರೂ ಅದನ್ನು ಒಂದೇ ಜಾತಿ ಅಂದುಕೊಂಡಿದ್ದರು. ವೈಟ್ ಅವರಿಗೆ ಅದರಲ್ಲಿ ಮೂರು ಬೇರೆ ಬೇರೆ ಹಾಡು ಕೇಳಿಸಿತು. ಹಾಡನ್ನೇ ಹಿಡಿದು ಹೋಗಿ, ಅವು ಮೂರು ಜಾತಿ ಅಂತ ತೋರಿಸಿದರು. ಇವತ್ತು ನಾವು ಅವುಗಳನ್ನು ಚಿಫ್‌ಚಾಫ್, ವಿಲ್ಲೋ ವಾರ್ಬ್ಲರ್, ವುಡ್ ವಾರ್ಬ್ಲರ್ ಅನ್ನುತ್ತೇವೆ. ಕಣ್ಣು ಒಂದು ಅಂದದ್ದನ್ನು ಕಿವಿ ಮೂರು ಮಾಡಿತು.

ಹಕ್ಕಿ ಹಾಡುವುದು ನಮ್ಮ ಹಾಗೆ ಗಂಟಲಿನ ಮೇಲ್ಭಾಗದಿಂದ ಅಲ್ಲ. ಶ್ವಾಸನಾಳ ಎರಡಾಗಿ ಕವಲೊಡೆಯುವ ಜಾಗದಲ್ಲಿ, ಎದೆಯ ಹತ್ತಿರ ಅದರ ಧ್ವನಿಪೆಟ್ಟಿಗೆ ಇದೆ. ಸಿರಿಂಕ್ಸ್ ಅಂತ ಹೆಸರು. ಹಾಡುಹಕ್ಕಿಗಳಲ್ಲಿ ಅದರ ಎರಡು ಬದಿಯೂ ಬೇರೆ ಬೇರೆಯಾಗಿ ಕೆಲಸ ಮಾಡಬಲ್ಲವು. ಅಂದರೆ ಒಂದೇ ಹಕ್ಕಿ ಒಂದೇ ಸಮಯಕ್ಕೆ ಎರಡು ಸ್ವರ ಹಾಡಬಲ್ಲದು. ಮುಂಜಾವಿನಲ್ಲಿ ಒಂದು ಪೊದೆಯಿಂದ ಇಬ್ಬರು ಹಾಡುತ್ತಿದ್ದಾರೆ ಅನ್ನಿಸಿದರೆ, ಒಂದೇ ಹಕ್ಕಿ ಇದ್ದರೂ ಇರಬಹುದು.

ಮಿಂಚುಳ್ಳಿಗೆ ವಾಪಸ್ ಬರೋಣ. ಅದರ ನೀಲಿ ಎಲ್ಲಿಂದ ಬಂತು? ಹಕ್ಕಿಗಳ ಗರಿಯಲ್ಲಿ ನೀಲಿ ಬಣ್ಣದ್ರವ್ಯ ಅನ್ನುವುದು ಇಲ್ಲ. ಗರಿಯ ಎಳೆಗಳ ಒಳಗೆ ಸ್ಪಂಜಿನಂಥ ಅತಿ ಸೂಕ್ಷ್ಮ ರಚನೆ ಇದೆ. ಬೆಳಕು ಅದಕ್ಕೆ ಬಡಿದು ಚದುರುವಾಗ ನೀಲಿ ಭಾಗ ಮಾತ್ರ ನಮ್ಮ ಕಡೆಗೆ ಬಲವಾಗಿ ವಾಪಸ್ ಬರುತ್ತದೆ. ಆ ಗರಿಯ ಹಿಂದಿನಿಂದ ಬೆಳಕು ಬಂದರೆ ಅದು ಮಂಕು ಕಂದು ಬಣ್ಣಕ್ಕೆ ಕಾಣುತ್ತದೆ. ಗಿಳಿಯ ಹಸಿರೂ ಹಾಗೆ. ಗರಿಯ ರಚನೆಯ ನೀಲಿಗೆ ಹಳದಿ ಬಣ್ಣದ್ರವ್ಯ ಸೇರಿ ಹಸಿರಾಗುತ್ತದೆ. ಬಣ್ಣದ ಪೆಟ್ಟಿಗೆಯಲ್ಲಿ ನಾವು ಮಾಡುವುದನ್ನೇ ಗರಿ ಅದರ ರೀತಿಯಲ್ಲಿ ಮಾಡಿಕೊಂಡಿದೆ.

ಕೆಲವರು ಹೇಳುತ್ತಾರೆ, ಇಷ್ಟೆಲ್ಲ ವಿಜ್ಞಾನ ತಿಳಿದುಕೊಂಡರೆ ಸೌಂದರ್ಯ ಹೋಗುತ್ತದೆ ಅಂತ. ನಾನು ಒಪ್ಪುವುದಿಲ್ಲ. ನೀಲಿ ಹೇಗೆ ಬಂತು ಅಂತ ತಿಳಿದ ಮೇಲೆ ನಾನು ಮಿಂಚುಳ್ಳಿಯನ್ನು ಬೇರೆ ಬೇರೆ ಬಿಸಿಲಿನಲ್ಲಿ ನೋಡಲು ಶುರು ಮಾಡಿದೆ. ಮೋಡ ಕವಿದಾಗ, ಸೂರ್ಯ ಬೆನ್ನ ಹಿಂದೆ ಇದ್ದಾಗ, ಎದುರಿಗೆ ಇದ್ದಾಗ. ಒಂದೇ ಹಕ್ಕಿ ನನಗೆ ನಾಲ್ಕು ನೀಲಿ ತೋರಿಸಿತು. ಅಲ್ಲದೆ ನಾವು ನೋಡುತ್ತಿರುವುದು ಪೂರ್ತಿ ಬಣ್ಣವೂ ಅಲ್ಲ. ನಮ್ಮ ಕಣ್ಣಲ್ಲಿ ಬಣ್ಣ ಗ್ರಹಿಸುವ ಕೋಶಗಳು ಮೂರು ಬಗೆ. ಹಕ್ಕಿಯ ಕಣ್ಣಲ್ಲಿ ನಾಲ್ಕು. ನೇರಳಾತೀತ ಬೆಳಕು ಅನೇಕ ಹಕ್ಕಿಗಳಿಗೆ ಕಾಣುತ್ತದೆ. ಯುರೋಪಿನ ಬ್ಲೂ ಟಿಟ್ ಅನ್ನುವ ಪುಟ್ಟ ಹಕ್ಕಿಯಲ್ಲಿ ಗಂಡು ಹೆಣ್ಣು ನಮ್ಮ ಕಣ್ಣಿಗೆ ಹೆಚ್ಚುಕಡಿಮೆ ಒಂದೇ. ಆದರೆ ಗಂಡಿನ ನೆತ್ತಿ ನೇರಳಾತೀತದಲ್ಲಿ ಹೆಚ್ಚು ಹೊಳೆಯುತ್ತದೆ. ಅವುಗಳಿಗೆ ಆ ವ್ಯತ್ಯಾಸ ಕಾಣುತ್ತದೆ, ನಮಗೆ ಇಲ್ಲ.

ವಿಜ್ಞಾನ ಅಂದರೆ ಪ್ರಯೋಗಾಲಯದವರ ಕೆಲಸ ಅಂತ ಹೆದರುವವರಿಗೆ ಮಾರ್ಗರೆಟ್ ಮೋರ್ಸ್ ನೈಸ್ ಅವರ ವಿಷಯ ಹೇಳಬೇಕು. ಅಮೆರಿಕದ ಓಹಾಯೋದಲ್ಲಿ ಇದ್ದವರು. ಮನೆ, ಮಕ್ಕಳು ಎಲ್ಲ ನೋಡಿಕೊಳ್ಳುತ್ತಿದ್ದರು. ವಿಶ್ವವಿದ್ಯಾಲಯದಲ್ಲಿ ಹುದ್ದೆ ಇರಲಿಲ್ಲ. ಮನೆಯ ಹತ್ತಿರದ ಹೊಳೆದಂಡೆಯಲ್ಲಿ ಸಾಂಗ್ ಸ್ಪ್ಯಾರೋ ಅನ್ನುವ ಸಾಧಾರಣ ಹಕ್ಕಿ ಇತ್ತು. ಅವರು ಒಂದೊಂದು ಹಕ್ಕಿಯ ಕಾಲಿಗೂ ಬೇರೆ ಬೇರೆ ಬಣ್ಣದ ಉಂಗುರ ಹಾಕಿದರು. ಯಾವುದು ಯಾರು ಅಂತ ದೂರದಿಂದಲೇ ಗೊತ್ತಾಗಲಿ ಅಂತ. 1928ರಿಂದ ಎಂಟು ವರ್ಷ, ಅದೇ ಜಾಗ, ಅದೇ ಹಕ್ಕಿಗಳು. ಯಾವ ಗಂಡು ಎಲ್ಲಿಯವರೆಗೆ ತನ್ನ ಜಾಗ ಅನ್ನುತ್ತದೆ, ಯಾರು ಯಾರ ಜೊತೆ ಗೂಡು ಕಟ್ಟಿದರು, ಮರಿಗಳಲ್ಲಿ ಎಷ್ಟು ಉಳಿದವು, ಎಲ್ಲ ಬರೆದಿಟ್ಟರು. 1937ರಲ್ಲಿ ಅದರ ಮೊದಲ ಭಾಗ ಪ್ರಕಟವಾದಾಗ ದೊಡ್ಡ ದೊಡ್ಡ ಪಕ್ಷಿತಜ್ಞರು ಎದ್ದು ಕೂತರು. ಒಂದೊಂದು ಹಕ್ಕಿಯನ್ನೂ ಒಬ್ಬೊಬ್ಬ ವ್ಯಕ್ತಿ ಅಂತ ನೋಡಿದ ಅಂಥ ಕೆಲಸ ಅಪರೂಪ. ಅಪರೂಪದ ಹಕ್ಕಿಯನ್ನು ಹುಡುಕಿಕೊಂಡು ಅವರು ಎಲ್ಲಿಗೂ ಹೋಗಲಿಲ್ಲ, ಹೊಳೆದಂಡೆಗೆ ಹೋದರು.

ಉಂಗುರ ಅಂದ ಕೂಡಲೇ ನನಗೆ ವಿಸ್ಡಮ್ ನೆನಪಾಗುತ್ತಾಳೆ. ಅವಳು ಲೇಸಾನ್ ಆಲ್ಬಟ್ರಾಸ್ ಅನ್ನುವ ಕಡಲಹಕ್ಕಿ. ಪೆಸಿಫಿಕ್ ಸಾಗರದ ಮಿಡ್‌ವೇ ದ್ವೀಪದಲ್ಲಿ 1956ರಲ್ಲಿ ಚಾಂಡ್ಲರ್ ರಾಬಿನ್ಸ್ ಅನ್ನುವ ಪಕ್ಷಿತಜ್ಞರು ಅವಳ ಕಾಲಿಗೆ ಉಂಗುರ ಹಾಕಿದರು. 2002ರಲ್ಲಿ, ಅಂದರೆ 46 ವರ್ಷದ ಮೇಲೆ, ಅದೇ ರಾಬಿನ್ಸ್ ಅದೇ ದ್ವೀಪದಲ್ಲಿ ಅದೇ ಹಕ್ಕಿಯನ್ನು ಮತ್ತೆ ಕೈಯಲ್ಲಿ ಹಿಡಿದರು. ಹಳೆಯ ಉಂಗುರಗಳ ದಾಖಲೆ ಹಿಂದೆ ಹಿಂದೆ ಹುಡುಕಿದಾಗ ಇದು ತಾವೇ ಉಂಗುರ ಹಾಕಿದ ಹಕ್ಕಿ ಅಂತ ಗೊತ್ತಾಯಿತು. ರಾಬಿನ್ಸ್ ಈಗ ಇಲ್ಲ. ವಿಸ್ಡಮ್ 2024ರಲ್ಲಿ ಮತ್ತೊಂದು ಮೊಟ್ಟೆ ಇಟ್ಟಳು. ಕಡಿಮೆ ಅಂದರೂ ಅವಳ ವಯಸ್ಸು 70 ದಾಟಿದೆ. ಈ ಸಂಗತಿ ನಮಗೆ ಗೊತ್ತಾದದ್ದು ಯಾರೋ ಒಂದು ಅಂಕಿಯನ್ನು ಪುಸ್ತಕದಲ್ಲಿ ಸರಿಯಾಗಿ ಬರೆದಿಟ್ಟದ್ದರಿಂದ. ನಿಮ್ಮ ನೋಟ್‌ಬುಕ್‌ನಲ್ಲಿ ತಾರೀಕು ಬರೆಯಲು ಬೇಜಾರಾದಾಗ ಇದನ್ನು ನೆನೆಸಿಕೊಳ್ಳಿ.

ನಾವು ಬರೆಯುವ ಪಟ್ಟಿಗಳು ಸುಮ್ನೆ ಹೋಗುವುದಿಲ್ಲ. 1900ರ ಕ್ರಿಸ್ಮಸ್‌ಗೆ ಅಮೆರಿಕದ ಪಕ್ಷಿತಜ್ಞ ಫ್ರಾಂಕ್ ಚಾಪ್‌ಮನ್ ಒಂದು ಕರೆ ಕೊಟ್ಟರು. ಆಗ ಹಬ್ಬದ ದಿನ ತಂಡ ಕಟ್ಟಿಕೊಂಡು ಹಕ್ಕಿ, ಪ್ರಾಣಿ ಬೇಟೆಯಾಡುವ ರೂಢಿ ಅಲ್ಲಿತ್ತು. ಕೊಲ್ಲುವ ಬದಲು ಎಣಿಸೋಣ ಅಂದರು. ಮೊದಲ ವರ್ಷ ಬಂದವರು 27 ಜನ. ಆ ಎಣಿಕೆ ಇವತ್ತಿಗೂ ನಿಂತಿಲ್ಲ. 2002ರಲ್ಲಿ ಶುರುವಾದ ಈಬರ್ಡ್ ಅನ್ನುವ ಜಾಲತಾಣದಲ್ಲಿ ಈಗ ಯಾರು ಬೇಕಾದರೂ ಮೊಬೈಲ್‌ನಿಂದಲೇ ಪಟ್ಟಿ ಸೇರಿಸಬಹುದು. ಹೀಗೆ ಸಾಮಾನ್ಯ ಜನ ದಶಕಗಳ ಕಾಲ ಎಣಿಸಿದ ಅಂಕಿಗಳನ್ನು ಕೂಡಿಸಿದಾಗ 2019ರಲ್ಲಿ ಒಂದು ದುಃಖದ ಸಂಗತಿ ಹೊರಬಿತ್ತು. ಉತ್ತರ ಅಮೆರಿಕದಲ್ಲಿ 1970ರಿಂದ ಈಚೆಗೆ ಸುಮಾರು 300 ಕೋಟಿ ಹಕ್ಕಿಗಳು ಕಡಿಮೆಯಾಗಿವೆ. ಅದರಲ್ಲಿ ಅಪರೂಪದವು ಮಾತ್ರ ಅಲ್ಲ, ಗುಬ್ಬಿಯಂಥ, ಎಲ್ಲರೂ ನೋಡಿ ಮುಂದೆ ಹೋಗುವಂಥ ಹಕ್ಕಿಗಳೇ ಜಾಸ್ತಿ. ದಿನಾ ಕಾಣುವುದನ್ನು ಯಾರೂ ಎಣಿಸದೆ ಇದ್ದಿದ್ದರೆ ಅದು ಹೋದದ್ದೂ ಗೊತ್ತಾಗುತ್ತಿರಲಿಲ್ಲ. ಅದಕ್ಕೇ ಪಟ್ಟಿ ಮಾಡುವಾಗ ಕಾಗೆಯನ್ನೂ ಎಣಿಸಿ, ಪಾರಿವಾಳವನ್ನೂ ಎಣಿಸಿ. ದಿನಾ ಇರುವ ಹಕ್ಕಿ ಇವತ್ತು ಕಾಣಲಿಲ್ಲ ಅಂದರೆ ಅದನ್ನೂ ಬರೆಯಿರಿ.

ಸಲಕರಣೆ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಬೈನಾಕ್ಯುಲರ್ ಮೇಲೆ 8x42 ಅಂತ ಇದ್ದರೆ, ಎಂಟು ಪಟ್ಟು ಹತ್ತಿರ ಕಾಣುತ್ತದೆ, ಮುಂದಿನ ಮಸೂರದ ಅಗಲ 42 ಮಿಲಿಮೀಟರ್ ಅಂತ ಅರ್ಥ. ಹೊಸಬರಿಗೆ ಇದು ಚೆನ್ನಾಗಿದೆ. ಪಟ್ಟು ಜಾಸ್ತಿಯಾದಷ್ಟೂ ಕೈನಡುಕವೂ ಜಾಸ್ತಿ ಕಾಣುತ್ತದೆ, ನೋಟದ ಅಗಲ ಕಡಿಮೆಯಾಗುತ್ತದೆ. ಬರಿಗಣ್ಣಲ್ಲಿ ಹಕ್ಕಿ ಕಂಡ ಮೇಲೆ ಕಣ್ಣು ಅದರ ಮೇಲಿಂದ ತೆಗೆಯದೆ ಬೈನಾಕ್ಯುಲರನ್ನೇ ಕಣ್ಣಿಗೆ ತನ್ನಿ. ಕೆಳಗೆ ನೋಡಿ ಮತ್ತೆ ಮೇಲೆ ನೋಡಿದರೆ ಹಕ್ಕಿ ತಪ್ಪಿಹೋಗುತ್ತದೆ. ನೋಟ್‌ಬುಕ್ ಜೇಬಲ್ಲಿ ಹಿಡಿಸುವಂಥದ್ದಿರಲಿ. ಬೈನಾಕ್ಯುಲರ್ ಇಲ್ಲದಿದ್ದರೆ ಅದಕ್ಕಾಗಿ ಕಾಯಬೇಡಿ.

ಹೊಸಬರು ಎಡವುವುದು ಬೇರೆ ಕಡೆ. ನಾನೂ ಅಲ್ಲೇ ಎಡವಿದ್ದೆ. ಇದನ್ನು ಹೇಳುವುದು ಸುಲಭ ಅಲ್ಲ, ಆದರೂ ಹೇಳುತ್ತೇನೆ. ಒಂದು ಬಿರುಬಿಸಿಲಿನ ಮಧ್ಯಾಹ್ನ ಬಯಲಿನಲ್ಲಿ ನಡೆಯುತ್ತಿದ್ದೆ. ಟಿಟ್ಟಿಭದ ಜೋಡಿ ತಲೆಯ ಮೇಲೆ ಕೂಗುತ್ತಾ ಸುತ್ತತೊಡಗಿತು. ನೋಡಿದರೆ ಕಾಲಿನ ಹತ್ತಿರವೇ ಬೆಣಚುಕಲ್ಲುಗಳ ನಡುವೆ ನಾಲ್ಕು ಮೊಟ್ಟೆ. ಕಲ್ಲು ಯಾವುದು, ಮೊಟ್ಟೆ ಯಾವುದು ಗೊತ್ತಾಗದಂಥ ಬಣ್ಣ. ನನಗೆ ಖುಷಿಯೋ ಖುಷಿ. ಕೂತು ಫೋಟೋ ತೆಗೆದೆ. ಮತ್ತೆ ಬಗ್ಗಿ ತೆಗೆದೆ. ಚಿತ್ರವನ್ನೂ ಬರೆದೆ. ಹಕ್ಕಿಗಳು ಕೂಗುತ್ತಲೇ ಇದ್ದವು. ಜೊತೆಗಿದ್ದ ಹಿರಿಯರೊಬ್ಬರು ದೂರದಲ್ಲೇ ನಿಂತಿದ್ದರು. ವಾಪಸ್ ಬಂದಾಗ ಮೆಲ್ಲಗೆ ಹೇಳಿದರು: "ಅದು ಮೊಟ್ಟೆ ಬೆಚ್ಚಗಿಡೋಕೆ ಕೂತಿರಲಿಲ್ಲಪ್ಪಾ, ನೆರಳು ಕೊಡೋಕೆ ಕೂತಿತ್ತು."

ಬಿಸಿಲು ಹೆಚ್ಚಾದರೆ ಟಿಟ್ಟಿಭ ನೀರಿಗೆ ಹೋಗಿ ಎದೆಯ, ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆಯ ಮೇಲೆ ಕೂರುತ್ತದೆ. ಅಷ್ಟು ಕಷ್ಟಪಟ್ಟು ತಂಪಾಗಿಟ್ಟ ಮೊಟ್ಟೆಗಳನ್ನು ನಾನು ಬಿಸಿಲಿಗೆ ಬಿಟ್ಟು ಚಿತ್ರ ಬರೆಯುತ್ತಾ ಕೂತಿದ್ದೆ. ಆ ಪುಟವನ್ನು ಹರಿದು ಹಾಕಿಲ್ಲ, ನೋಟ್‌ಬುಕ್‌ನಲ್ಲಿ ಹಾಗೇ ಇದೆ. ಆವತ್ತಿನಿಂದ ಗೂಡಿನ ಹತ್ತಿರ ಹೋಗುವುದಿಲ್ಲ. ಹಕ್ಕಿ ನಮ್ಮಿಂದಾಗಿ ಮಾಡುತ್ತಿದ್ದ ಕೆಲಸ ಬಿಟ್ಟರೆ ನಾವು ಜಾಸ್ತಿ ಹತ್ತಿರ ಬಂದಿದ್ದೇವೆ ಅಂತ ಅರ್ಥ. ಮೊಬೈಲ್‌ನಲ್ಲಿ ಅದರದೇ ಕೂಗು ಹಾಕಿ ಕರೆಯುವುದೂ ಹಾಗೆಯೇ. ತನ್ನ ಜಾಗಕ್ಕೆ ಶತ್ರು ಬಂದ ಅಂತ ಅದು ಮರಿ, ಮೇವು ಬಿಟ್ಟು ಓಡಿ ಬರುತ್ತದೆ. ನಮಗೆ ಒಂದು ಫೋಟೋ, ಅದಕ್ಕೆ ಅರ್ಧ ಗಂಟೆಯ ದಿಗಿಲು. ಹಕ್ಕಿ ನೋಡುವುದು ನಮ್ಮ ಕೆಲಸ, ಕಾಣಿಸಿಕೊಳ್ಳುವುದು ಅದರ ಇಷ್ಟ.

ಮೊನ್ನೆ ಒಬ್ಬರು ಕೇಳಿದರು, ಇಷ್ಟು ಹೊತ್ತು ಕೂತು ನೋಡುವುದರಿಂದ ನಿಮಗೇನು ಸಿಗುತ್ತದೆ ಅಂತ. ಅವರಿಗೆ ನಾನು ಒಂದು ಗಾಡ್‌ವಿಟ್‌ನ ವಿಷಯ ಹೇಳಿದೆ. ಗಾಡ್‌ವಿಟ್ ಅಂದರೆ ಕೆಸರಿನಲ್ಲಿ ಉದ್ದ ಕೊಕ್ಕು ಚುಚ್ಚಿ ಹುಳ ಹುಡುಕುವ ಹಕ್ಕಿ. ಅಲಾಸ್ಕಾದಲ್ಲಿ ಹುಟ್ಟಿದ, ಐದು ತಿಂಗಳೂ ತುಂಬಿರದ ಒಂದು ಮರಿ 2022ರ ಅಕ್ಟೋಬರ್‌ನಲ್ಲಿ ಅಲ್ಲಿಂದ ಹಾರಿತು. ಬೆನ್ನ ಮೇಲೆ ಉಪಗ್ರಹಕ್ಕೆ ಸುಳಿವು ಕೊಡುವ ಸಣ್ಣ ಸಾಧನ ಇತ್ತು. ಅದು ನೆಲ ಮುಟ್ಟಿದ್ದು ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾದಲ್ಲಿ. ಸುಮಾರು 13,560 ಕಿಲೋಮೀಟರ್, 11 ದಿನ, ನಡುವೆ ಎಲ್ಲೂ ಇಳಿಯಲಿಲ್ಲ. ಮೇವಿಲ್ಲ, ನೀರಿಲ್ಲ. ಆ ದಾರಿಯಲ್ಲಿ ಅದು ಹಿಂದೆ ಹೋಗಿಯೂ ಇರಲಿಲ್ಲ. ಹೊರಡುವ ಮೊದಲು ಈ ಹಕ್ಕಿಗಳು ಮೈತುಂಬ ಕೊಬ್ಬು ತುಂಬಿಕೊಳ್ಳುತ್ತವೆ. ಹಾರುವಾಗ ಬೇಕಿಲ್ಲದ ಜಠರ, ಕರುಳು ಕುಗ್ಗುತ್ತವೆ. ಇದನ್ನು ತಿಳಿದ ಮೇಲೆ ಕೆಸರಿನಲ್ಲಿ ಓಡಾಡುವ ಯಾವ ಕಂದು ಹಕ್ಕಿಯನ್ನೂ ನಾನು ಸುಮ್ನೆ ದಾಟಿಹೋಗಲಾರೆ. ಅದರ ಹಿಂದೆ ಯಾವ ಸಮುದ್ರ ಇದೆಯೋ ಅನ್ನಿಸುತ್ತದೆ. ನನಗೆ ಸಿಗುವುದು ಇದು.

ನನ್ನ ಮಾತಿಗೆ ಕೊಟ್ಟ ಸಮಯದಲ್ಲಿ ಇನ್ನು ಹತ್ತು ನಿಮಿಷ ಉಳಿದಿದೆ. ಹೊರಗಿನ ಮರದಲ್ಲಿ ಆಗಿನಿಂದ ಒಂದು ಕಾಗೆ ಕೂಗುತ್ತಾ ಇದೆ, ನಿಮಗೂ ಕೇಳಿರಬೇಕು. ನಿಮ್ಮ ಹಾಳೆಯ ಹಿಂಭಾಗ ಖಾಲಿ ಇದೆ ಅಲ್ವಾ? ಬನ್ನಿ, ಹೊರಗೆ ಹೋಗೋಣ. ಸದ್ದು ಮಾಡಬೇಡಿ. ಮೊದಲು ಕೊಕ್ಕಿನ ಬುಡ ನೋಡಿ.